ಹೆಡ್‌ಲೈಟಿನ ಜಮಾ-ಖರ್ಚು

ಮೊದಲೇ ಹೇಳಿಬಿಡುತ್ತೇನೆ. ನನಗಿನ್ನೂ ಹದಿನೇಳು ವರ್ಷ, ಲೈಸೆನ್ಸ್ ಇಲ್ಲ, ಕಾಲೇಜಿಗೆ ಬರುವುದು ಸಿಟಿ ಬಸ್ಸಿನಲ್ಲಿ. ಹೀಗಿರುವಾಗ ಬೈಕಿನ ಹೆಡ್‌ಲೈಟಿನ ಬಗ್ಗೆ ಬರೆಯಲು ಇವನಿಗೇನು ಹಕ್ಕು ಎಂದು ಪಾರ್ಕಿಂಗ್ ಸ್ಟ್ಯಾಂಡಿನ ಗೆಳೆಯರು ಕೇಳಬಹುದು. ಹದಿನೇಳಕ್ಕೇ 150 ಸಿಸಿ ಗಾಡಿ ತರುವ ನಿಮಗೇನು ಹಕ್ಕು ಎಂದು ನಾನೂ ಕೇಳಬಹುದು. ಅದು ಬೇರೆ ಲೇಖನ, ಇನ್ನೊಂದು ಸಂಚಿಕೆಗೆ ಇರಲಿ.

ನನಗೆ ಈ ವಿಷಯ ತಿಳಿದದ್ದು ಲೆಕ್ಕದ ಪುಸ್ತಕದಿಂದ. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಮಾಮುವಿನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಭಾನುವಾರ ನಾನು ಅಲ್ಲಿ ಕೂತು ವಾರದ ಲೆಕ್ಕ ಬರೆಯುತ್ತೇನೆ. ಅವರ ಕೈಯಲ್ಲಿ ಪ್ಲಾಯರ್, ನನ್ನ ಕೈಯಲ್ಲಿ ಪೆನ್ನು. ಬರೆಯುತ್ತ ಬರೆಯುತ್ತ ಒಂದು ವಿಚಿತ್ರ ಕಂಡಿತು. ಕೆಲವು ಗಾಡಿ ನಂಬರುಗಳು ಮತ್ತೆ ಮತ್ತೆ ಬರುತ್ತವೆ. ಮೊದಲು ‘ಬಲ್ಬ್’. ಸ್ವಲ್ಪ ದಿನಕ್ಕೆ ‘ಹೋಲ್ಡರ್’. ಆಮೇಲೆ ‘ಸ್ವಿಚ್’. ಮಳೆಗಾಲ ಮುಗಿಯುವುದರೊಳಗೆ ‘ಬ್ಯಾಟರಿ’. ಇವೆಲ್ಲ ಬೇರೆ ಬೇರೆ ರಿಪೇರಿ ಎಂದು ನಾನು ತಿಳಿದಿದ್ದೆ. ಎಲ್ಲವೂ ಮೊದಲನೆಯ ಸಾಲಿನ ಬಡ್ಡಿ ಎಂದು ಗೊತ್ತಾದದ್ದು ನಮ್ಮ ಮನೆಯ ಗಾಡಿಯೇ ಆ ಪುಟಕ್ಕೆ ಬಂದಾಗ.

ನಮ್ಮ ಅಬ್ಬಾ ಮದುವೆಯ ದಾವತ್‌ಗಳಿಗೆ ಅಡುಗೆ ಮಾಡುತ್ತಾರೆ. ಕುಂದಗೋಳ, ಕಲಘಟಗಿ, ನವಲಗುಂದ ಎಲ್ಲ ಕಡೆ ಕರೆ ಬರುತ್ತದೆ. ಹಂಡೆ, ಡೇಗ್, ಹುಡುಗರು ಟೆಂಪೋದಲ್ಲಿ ಬಂದರೆ ಅಬ್ಬಾ ತಮ್ಮ ಹಳೆಯ ಸ್ಪ್ಲೆಂಡರ್ ಮೇಲೆ ರಾತ್ರಿ ಹನ್ನೆರಡಕ್ಕೋ ಒಂದಕ್ಕೋ ವಾಪಸ್ ಬರುತ್ತಾರೆ. ಹುಬ್ಬಳ್ಳಿಯಿಂದ ಧಾರವಾಡದವರೆಗೆ ಬೀದಿದೀಪದ ಕೆಳಗೆ ಚಿಗರಿ ಬಸ್ಸಿನ ಪಕ್ಕ ಗಾಡಿ ಓಡಿಸುವವರಿಗೆ ಕುಂದಗೋಳ ರಸ್ತೆಯ ಕತ್ತಲೆ ಅರ್ಥವಾಗಲಿಕ್ಕಿಲ್ಲ. ಊರು ದಾಟಿದ ಮೇಲೆ ಎರಡೂ ಕಡೆ ಕರಿಮಣ್ಣಿನ ಹೊಲ. ರಸ್ತೆಯ ಬಣ್ಣವೂ ಹೊಲದ ಬಣ್ಣವೂ ಒಂದೇ. ಬಣ್ಣ ಬಳಿಯದ ಹಂಪ್, ಹಿಂದೆ ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್. ಕಲಘಟಗಿ ಕಡೆಯಾದರೆ ಸೀಜನ್ನಿನಲ್ಲಿ ರಸ್ತೆ ಅಗಲಕ್ಕೆ ಕಬ್ಬು ಹೇರಿಕೊಂಡು ನಿಂತಿರುವ ಗಾಡಿ. ‘ಮಿಣುಕು ಹುಳ ಹಿಡಿದುಕೊಂಡು ಬಂದ ಹಾಗಾಗುತ್ತದೆ’ ಎಂದು ಅಬ್ಬಾ ತಮ್ಮ ಹೆಡ್‌ಲೈಟನ್ನು ಬೈಯುತ್ತಿದ್ದರು. ಒಂದು ಸಲ ಎದುರಿನಿಂದ ಬಂದ ಬಿಳಿ ಲೈಟಿಗೆ ಕಣ್ಣು ಕುಕ್ಕಿ ಹೊಲಕ್ಕೆ ಇಳಿದುಬಿಟ್ಟರು. ಬೀಳಲಿಲ್ಲ, ಆದರೆ ಮನೆಗೆ ಬಂದು ಅರ್ಧ ಗಂಟೆ ಮಾತಾಡಲಿಲ್ಲ.

ಹಾಗಾಗಿ ಭಾಯಿ ಹೊಸ ಬಲ್ಬ್ ತಂದ. ಭಾಯಿ ಎಂದರೆ ನನ್ನ ಅಣ್ಣ. ಅವನ ಉದ್ದೇಶ ಒಳ್ಳೆಯದೇ ಇತ್ತು, ಇದನ್ನು ಮರೆಯಬಾರದು.

ಗಾಡಿಯಲ್ಲಿದ್ದದ್ದು 35/35 ವ್ಯಾಟ್ ಹ್ಯಾಲೊಜೆನ್. ಅಂದರೆ ಡಿಪ್‌ಗೆ 35, ಡಿಮ್ ತೆಗೆದು ಹೈ ಬೀಮ್ ಹಾಕಿದರೂ 35. ಭಾಯಿ ತಂದದ್ದು 100/90. ಮೂರು ಪಟ್ಟು ವ್ಯಾಟ್, ಮೂರು ಪಟ್ಟು ಬೆಳಕು ಎಂಬುದು ಅವನ ಲೆಕ್ಕ. ಸಂಜೆ ಗಲ್ಲಿಯಲ್ಲಿ ಕಿಕ್ ಹೊಡೆದು ಲೈಟ್ ಹಾಕಿದ. ಮೊದಲಿಗಿಂತ ಮಂಕಾಗಿ, ಕೆಂಪಗೆ ಉರಿಯಿತು! ಎಕ್ಸಲರೇಟರ್ ತಿರುವಿದರೆ ಸ್ವಲ್ಪ ಏರುತ್ತದೆ, ಬಿಟ್ಟರೆ ಕಂದೀಲು.

ಮಾಮು ಅಂಗಡಿಯಿಂದ ಒಂದೇ ಮಾತು ಹೇಳಿದರು: ‘ಬಲ್ಬ್ ಬಡಾ ಕರೇ, ಕರೆಂಟ್ ಕಹಾಂ ಸೇ ಲಾತೇ ಬಾ?’ ಬಲ್ಬನ್ನೇನೋ ದೊಡ್ಡದು ಮಾಡಿದಿರಿ, ಕರೆಂಟ್ ಎಲ್ಲಿಂದ ತರುತ್ತೀರಿ?

ಈ ಒಂದು ಪ್ರಶ್ನೆ ಕಾಮರ್ಸ್ ವಿದ್ಯಾರ್ಥಿಗೆ ಸೈನ್ಸ್ ವಿದ್ಯಾರ್ಥಿಗಿಂತ ಬೇಗ ತಿಳಿಯುತ್ತದೆ ಎಂದು ನನ್ನ ನಂಬಿಕೆ. ಬೈಕಿನಲ್ಲಿ ದುಡಿಯುವವನು ಒಬ್ಬನೇ. ಎಂಜಿನ್ನಿನ ಪಕ್ಕದಲ್ಲಿ ತಿರುಗುವ ಮ್ಯಾಗ್ನೆಟ್ಟು, ಅದರೊಳಗಿನ ತಾಮ್ರದ ಕಾಯಿಲ್. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತದೋ ಅಷ್ಟು ಸಂಬಳ. ಅದಕ್ಕೂ ಒಂದು ಮೇಲ್ಮಿತಿ ಇದೆ, ಕಾರ್ಖಾನೆಯಲ್ಲೇ ನಿಗದಿಯಾದದ್ದು. ಬ್ಯಾಟರಿ ದುಡಿಯುವುದಿಲ್ಲ. ಅದು ಮನೆಯ ಡಬ್ಬಿಯಲ್ಲಿಟ್ಟ ದುಡ್ಡು. ಹಾಕಿದ್ದನ್ನಷ್ಟೇ ತೆಗೆಯಬಹುದು.

ಹಳೆಯ ಅನೇಕ 100 ಸಿಸಿ ಬೈಕುಗಳಲ್ಲಿ ಈ ಸಂಬಳ ಎರಡು ಖಾತೆಗೆ ಹೋಗುತ್ತದೆ. ಹೆಡ್‌ಲೈಟು, ಹಿಂದಿನ ಕೆಂಪು ದೀಪ ನೇರವಾಗಿ ಕಾಯಿಲ್‌ನಿಂದ ಎಸಿ ಕರೆಂಟ್ ಪಡೆಯುತ್ತವೆ. ಹಾರ್ನ್, ಇಂಡಿಕೇಟರ್, ಬ್ರೇಕ್ ದೀಪ ಬ್ಯಾಟರಿಯಿಂದ ಡಿಸಿ ಪಡೆಯುತ್ತವೆ. ಟ್ರಾಫಿಕ್ಕಿನಲ್ಲಿ ನಿಂತಾಗ ಹಳೆಯ ಬೈಕುಗಳ ಲೈಟು ಮಂಕಾಗಿ, ಗಾಡಿ ಹೊರಟಾಗ ಬೆಳಗುವುದನ್ನು ನೀವೆಲ್ಲ ನೋಡಿದ್ದೀರಿ. ಕಾರಣ ಇದೇ. ದಿನಗೂಲಿಯವನ ಮನೆಯ ಒಲೆಯ ಹಾಗೆ, ಕೆಲಸ ಇದ್ದಾಗ ಉರಿ, ಇಲ್ಲದಾಗ ಕೆಂಡ.

ಖರ್ಚನ್ನು ಕೂಡಿಸಿ ನೋಡಿ. ಹೆಡ್‌ಲೈಟು 35, ಹಿಂದಿನ ದೀಪ 5. ರಾತ್ರಿ ಸುಮ್ಮನೆ ಓಡಿದರೆ 40 ವ್ಯಾಟ್. ಬ್ರೇಕ್ ಒತ್ತಿದರೆ ಇನ್ನು 21. ತಿರುವಿಗೆ ಎರಡು ಇಂಡಿಕೇಟರ್, ತಲಾ 10. ಒಟ್ಟು 81. ಹಾರ್ನ್ ಬೇರೆ. ಕಂಪನಿಯವರು ಈ ಖರ್ಚಿಗೆ ಹೊಂದುವಷ್ಟೇ ಸಂಬಳ ಕೊಡುವ ಕಾಯಿಲ್ ಸುತ್ತಿರುತ್ತಾರೆ. ಈಗ 35ರ ಜಾಗದಲ್ಲಿ 100 ಬರೆಯಿರಿ. 81 ಇದ್ದದ್ದು 146 ಆಯಿತು. ಸಂಬಳ ಹೆಚ್ಚಾಗಿಲ್ಲ. ಹೆಚ್ಚು ಕೇಳಿದಷ್ಟೂ ಕಾಯಿಲ್‌ನ ವೋಲ್ಟೇಜ್ ಕುಸಿಯುತ್ತದೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಹತ್ತಲ್ಲ, ಸುಮಾರು ಮೂವತ್ತು ಕಡಿಮೆಯಾಗುತ್ತದೆ. ಹೀಗಾಗಿ ಹೊಟ್ಟೆ ತುಂಬದ 100 ವ್ಯಾಟ್ ಬಲ್ಬಿಗಿಂತ ಹೊಟ್ಟೆ ತುಂಬಿದ 35 ವ್ಯಾಟ್ ಬಲ್ಬೇ ಹೆಚ್ಚು ಬೆಳಗುತ್ತದೆ.

ಭಾಯಿ ಸೋಲಲಿಲ್ಲ. ಮಾಮು ಇಲ್ಲದ ಹೊತ್ತಿನಲ್ಲಿ ಬೇರೆ ಕಡೆ ಹೋಗಿ ಹೆಡ್‌ಲೈಟಿನ ವೈರನ್ನು ನೇರ ಬ್ಯಾಟರಿಗೆ ಕೊಡಿಸಿಕೊಂಡು ಬಂದ. ಈಗ ಗಲ್ಲಿಯ ಕೊನೆಯ ಗೋಡೆ ಹಗಲಾಯಿತು. ಅಮ್ಮಿ ಕಿಟಕಿಯಿಂದ ನೋಡಿ ಮಾಶಾಅಲ್ಲಾ ಎಂದರು. ನಾನೂ ಖುಷಿಪಟ್ಟೆ.

ನಮ್ಮ ಗಾಡಿಯ ಬ್ಯಾಟರಿ 12 ವೋಲ್ಟ್, ಎರಡೂವರೆ ಆಂಪಿಯರ್-ಅವರ್. ಗುಣಿಸಿದರೆ 30. ಅಂದರೆ ಡಬ್ಬಿಯಲ್ಲಿ ಇರುವ ಒಟ್ಟು ಠೇವಣಿ 30 ವ್ಯಾಟ್-ಅವರ್. ನೂರರ ಬಲ್ಬು ಅದನ್ನು ಹದಿನೆಂಟು ನಿಮಿಷದಲ್ಲಿ ನೆಕ್ಕಿಬಿಡುತ್ತದೆ. ಗಾಡಿ ಓಡುವಾಗ ಸ್ವಲ್ಪ ಜಮಾ ಆಗುತ್ತಲೂ ಇರುತ್ತದಾದ್ದರಿಂದ ಇನ್ನೊಂದಿಷ್ಟು ನಿಮಿಷ ಸೇರಿಸಿಕೊಳ್ಳಿ. ಕುಂದಗೋಳದಿಂದ ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ರಾತ್ರಿ ಅರ್ಧ ದಾರಿಯಲ್ಲಿ ಅಬ್ಬಾನ ಲೈಟು ಹಳದಿಯಾಯಿತು, ಕೆಂಪಾಯಿತು, ಹೋಯಿತು. ಹಾರ್ನೂ ಇಲ್ಲ, ಇಂಡಿಕೇಟರೂ ಇಲ್ಲ. ಎಂಜಿನ್ ಮಾತ್ರ ನಿಲ್ಲಲಿಲ್ಲ, ಏಕೆಂದರೆ ಆ ಗಾಡಿಯಲ್ಲಿ ಸ್ಪಾರ್ಕಿಗೆ ಬೇರೆಯದೇ ಕಾಯಿಲ್ ಇದೆ. ಅದು ಅದೃಷ್ಟವೋ ದುರದೃಷ್ಟವೋ ಗೊತ್ತಿಲ್ಲ. ನಿಂತಿದ್ದರೆ ಅಬ್ಬಾ ನಿಲ್ಲುತ್ತಿದ್ದರು. ನಿಲ್ಲಲಿಲ್ಲವಾದ್ದರಿಂದ ಒಂದು ಲಾರಿಯ ಹಿಂದಿನ ಕೆಂಪು ದೀಪ ಹಿಡಿದುಕೊಂಡು, ಅದರ ಬೆನ್ನು ಬಿಡದೆ, ಹತ್ತು ಕಿಲೋಮೀಟರ್ ಬಂದರು. ಲಾರಿಯವನು ಸಡನ್ ಬ್ರೇಕ್ ಹಾಕಿದ್ದರೆ ಎಂಬ ವಿಚಾರ ಅಮ್ಮಿಗೆ ಈಗಲೂ ಬರುತ್ತದೆ. ಅವತ್ತಿನಿಂದ ಅಬ್ಬಾ ಬರುವವರೆಗೆ ಅವರು ಮಲಗುವುದಿಲ್ಲ.

ಮರುದಿನ ಮಾಮು ಹೆಡ್‌ಲೈಟ್ ಬಿಚ್ಚಿದರೆ ಬಲ್ಬಿನ ಹೋಲ್ಡರ್ ಚಕ್ಕುಲಿಯ ಹಾಗೆ ಕಂದಿತ್ತು. ಅದಕ್ಕೂ ಲೆಕ್ಕವಿದೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟು. 35 ವ್ಯಾಟಿಗೆ ಮೂರು ಆಂಪಿಯರಿಗೂ ಸ್ವಲ್ಪ ಕಡಿಮೆ, 100 ವ್ಯಾಟಿಗೆ ಎಂಟಕ್ಕಿಂತ ಹೆಚ್ಚು. ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಹಾಗೆ ಏರುತ್ತದೆ, ಚಕ್ರಬಡ್ಡಿಯ ಹಾಗೆ ಎನ್ನಿ. ಕರೆಂಟು ಮೂರು ಪಟ್ಟಿನ ಹತ್ತಿರ ಹೋದರೆ ಬಿಸಿ ಎಂಟು ಪಟ್ಟು. ಕೂದಲೆಳೆಯ ವೈರು, ಪ್ಲಾಸ್ಟಿಕ್ ಹೋಲ್ಡರು, ಹ್ಯಾಂಡಲಿನ ಪುಟ್ಟ ಸ್ವಿಚ್ಚು ಇದನ್ನು ಹೊರಲು ಹುಟ್ಟಿದವಲ್ಲ. ಪುಸ್ತಕದಲ್ಲಿ ಬಲ್ಬಿನ ಹಿಂದೆ ಹೋಲ್ಡರು, ಅದರ ಹಿಂದೆ ಸ್ವಿಚ್ಚು, ಅದರ ಹಿಂದೆ ಬ್ಯಾಟರಿ ಏಕೆ ಸಾಲಾಗಿ ಬರುತ್ತಿದ್ದವು ಎಂಬುದು ನನಗೆ ಅಲ್ಲಿ ಹೊಳೆಯಿತು.

ಅಂಗಡಿಗೆ ಒಂದು ಹಳೆಯ ಯೆಜ್ಡಿ ಬರುತ್ತದೆ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಮಾತ್ರ ಇನ್ನೂ ಹೊಗೆ ಬಿಡುತ್ತ ಬರುತ್ತದೆ. ಅದರದ್ದು 6 ವೋಲ್ಟಿನ ವ್ಯವಸ್ಥೆ. ಅದೇ 35 ವ್ಯಾಟಿಗೆ ಅದು ದುಪ್ಪಟ್ಟು ಕರೆಂಟ್ ಕೇಳುತ್ತದೆ. ತುಕ್ಕು ಹಿಡಿದ ಜಾಯಿಂಟಿನಲ್ಲಿ ಅರ್ಧ ವೋಲ್ಟ್ ಸೋರಿದರೆ 12ರಲ್ಲಿ ಅದು ಚಿಲ್ಲರೆ, ಆರರಲ್ಲಿ ನೂರಕ್ಕೆ ಎಂಟು. ಬೆಳಕಿನ ಕಾಲು ಭಾಗ ಅಲ್ಲೇ ಹೋಯಿತು. ಅವರು ‘ಹೊಸ ಬಲ್ಬ್ ಹಾಕಪ್ಪಾ’ ಎಂದು ಬಂದಾಗ ಮಾಮು ಬಲ್ಬು ಮುಟ್ಟಲಿಲ್ಲ. ಅರ್ತ್ ವೈರ್ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ದಪ್ಪ ವೈರ್ ಹಾಕಿದರು. ಅಜ್ಜ ಲೈಟ್ ಹಚ್ಚಿ ನೋಡಿ, ‘ಯಾವ ಕಂಪನಿ ಬಲ್ಬ್ ಹಾಕಿದ್ರಿ?’ ಎಂದರು. ಮಾಮು ನಕ್ಕು ಇಪ್ಪತ್ತು ರೂಪಾಯಿ ತೆಗೆದುಕೊಂಡರು. ಬರೆದುಕೊಂಡವನು ನಾನೇ.

ಮಾಮುವಿನ ಈ ಪಾಠ ನೆನಪಿಟ್ಟುಕೊಳ್ಳುವಂಥದ್ದು. ನಿಮ್ಮ ಲೈಟು ಮಂಕಾಗಿದ್ದರೆ ಮೊದಲು ಕರೆಂಟು ಎಲ್ಲಿ ಸೋರುತ್ತಿದೆ ನೋಡಿ. ರಿಫ್ಲೆಕ್ಟರ್ ಕಪ್ಪಾಗಿದೆಯೇ, ಗಾಜು ಹಳದಿಯಾಗಿದೆಯೇ ನೋಡಿ. ಬ್ಯಾಟರಿಯಿಂದ ಲೈಟು ಉರಿಯುವ ಗಾಡಿಯಾದರೆ ಒಂದು ರಿಲೇ, ಒಂದು ಫ್ಯೂಸ್, ದಪ್ಪ ವೈರು ಹಾಕಿಸಿದರೆ ಇರುವ ಬಲ್ಬಿಗೇ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಸ್ವಿಚ್ಚೂ ಸುಡುವುದಿಲ್ಲ. ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ನೇರ ವೈರ್ ಎಳೆಸಿಕೊಂಡವರು ಪೆಟ್ರೋಲ್ ಟ್ಯಾಂಕಿನ ಕೆಳಗೆ ಏನು ಎಳೆದಿದ್ದೀರಿ ಎಂದು ಒಮ್ಮೆ ಯೋಚಿಸಿ. 2017ರ ಏಪ್ರಿಲ್ 1ರಿಂದ ಬಂದ ಹೊಸ ಬೈಕುಗಳಲ್ಲಿ ಎಂಜಿನ್ ಚಾಲೂ ಆದರೆ ಹೆಡ್‌ಲೈಟೂ ಚಾಲೂ, ಆರಿಸುವ ಸ್ವಿಚ್ಚೇ ಇಲ್ಲ. ಅಂದರೆ ಹಗಲು ಹೊತ್ತು ಉಳಿತಾಯ ಎಂಬುದೂ ಈಗಿಲ್ಲ. ಅಂಥ ಗಾಡಿಗೆ ಹೆಚ್ಚುವರಿ ಬಾರ್ ಲೈಟ್ ಹಾಕುವವರು ತಿಂಗಳ ಖರ್ಚಿನ ಮೇಲೆ ಇನ್ನೊಂದು ಮನೆಯ ಬಾಡಿಗೆ ಕಟ್ಟುತ್ತಿದ್ದಾರೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬ್ಯಾಟರಿಯ ಕಥೆಯಾಗುತ್ತಿತ್ತು. ಆದರೆ ಭಾಯಿ ಮೂರನೆಯ ಸಲ ಪ್ರಯತ್ನಿಸಿದ, ಈ ಸಲ ಗೆದ್ದ. ಎಲ್‌ಇಡಿ ಬಲ್ಬ್ ತಂದ. ಡಬ್ಬಿಯ ಮೇಲೆ ‘120 ವ್ಯಾಟ್’ ಎಂದು ಬೆಂಕಿಯ ಚಿತ್ರದೊಂದಿಗೆ ಬರೆದಿತ್ತು. ಮಾಮು ಮೀಟರ್ ಹಚ್ಚಿದರೆ ಒಂದೂವರೆ ಆಂಪಿಯರ್, ಹತ್ತೊಂಬತ್ತು ವ್ಯಾಟ್ ಕೂಡ ಸರಿಯಾಗಿ ಇಲ್ಲ. ಡಬ್ಬಿ ಸುಳ್ಳು ಹೇಳಿತ್ತು, ಆದರೆ ಸುಳ್ಳು ನಮ್ಮ ಲಾಭಕ್ಕೇ ಇತ್ತು. 35ಕ್ಕಿಂತ ಕಡಿಮೆ ಖರ್ಚು! ಎಸಿ ಕೊಟ್ಟರೆ ಮಿಟಿಮಿಟಿ ಎನ್ನುತ್ತದೆಂದು ಡಿಸಿಗೆ ಬದಲಿಸಿದರು, ಫ್ಯೂಸ್ ಹಾಕಿದರು, ಬ್ಯಾಟರಿ ಹೊಸದು. ಹೋಲ್ಡರ್ ಬಿಸಿಯಾಗಲಿಲ್ಲ. ತಾಳೆಪಟ್ಟಿ ಎರಡೂ ಕಡೆ ಸರಿಹೋಯಿತು. ‘ಈಗ ಏನಂತೀಯ ಅಕೌಂಟೆಂಟ್ ಸಾಹೇಬ?’ ಎಂದು ಭಾಯಿ ನನ್ನ ಬೆನ್ನಿಗೆ ಹೊಡೆದ. ನನ್ನ ಬಳಿ ಉತ್ತರ ಇರಲಿಲ್ಲ.

ಕಳೆದ ಡಿಸೆಂಬರಿನ ಒಂದು ಬೆಳಗಿನ ಜಾವ. ದಾವತ್‌ಗೆ ಉಳ್ಳಾಗಡ್ಡಿ ತರಲು ಭಾಯಿ ಅಮರಗೋಳದ ಎಪಿಎಂಸಿಗೆ ಹೊರಟಿದ್ದ, ಹಿಂದೆ ಚೀಲ ಹಿಡಿದು ನಾನು. ಫಜರ್ ಅಜಾನ್ ಆಗುತ್ತಿತ್ತು. ಗಲ್ಲಿಯ ತಿರುವಿನಲ್ಲಿ ಎದುರಿಗೆ ಒಂದು ಸೈಕಲ್. ನಮ್ಮ ಬೆಳಕು ಅದರ ಮೇಲೆ ಬಿದ್ದ ಕೂಡಲೇ ಸೈಕಲ್ ಮೇಲಿದ್ದವರು ಒಂದು ಕೈ ಬಿಟ್ಟು ಕಣ್ಣಿಗೆ ಅಡ್ಡ ಹಿಡಿದರು. ಸೈಕಲ್ ಓಲಾಡಿತು. ಅಷ್ಟರಲ್ಲಿ ನಾವು ದಾಟಿಬಿಟ್ಟೆವು. ಹಿಂದೆ ಏನೋ ಬಿದ್ದ ಸದ್ದಾಯಿತು. ಭಾಯಿ ಹೆಲ್ಮೆಟ್ ಹಾಕಿದ್ದ, ಕೇಳಲಿಲ್ಲ. ನನಗೆ ಕೇಳಿತು. ನಾನು ಮಾತಾಡಲಿಲ್ಲ.

ಸಂಜೆ ಗೊತ್ತಾಯಿತು. ನಮ್ಮ ಗಲ್ಲಿಯ ಹಿರಿಯ ಚಾಚಾ, ಮೊದಲು ದರ್ಜಿ ಕೆಲಸ ಮಾಡುತ್ತಿದ್ದವರು, ಮಸೀದಿಗೆ ಹೋಗುವಾಗ ಗಟಾರಿನ ಅಂಚಿಗೆ ಬಿದ್ದು ಮಣಿಕಟ್ಟಿಗೆ ಪೆಟ್ಟಾಗಿದೆ, ಮೂರು ವಾರ ಪ್ಲಾಸ್ಟರ್. ನೋಡಲು ಹೋದೆವು. ‘ಯಾರದ್ದೋ ಗಾಡಿ, ಬಿಳಿ ಲೈಟು. ಪಾಪ, ಅವನಿಗೂ ಕಂಡಿರಲಿಕ್ಕಿಲ್ಲ’ ಎಂದರು. ಭಾಯಿ ಪಕ್ಕದಲ್ಲೇ ಕೂತು, ‘ಈಗಿನ ಹುಡುಗರು ಹಂಗೇ ಚಾಚಾ’ ಎಂದ. ಅವನು ನಾಟಕ ಮಾಡಲಿಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು.

ಅವತ್ತು ರಾತ್ರಿ ನನಗೆ ಒಂದು ವಿಷಯ ಕಾಡಿತು. ವಿದ್ಯುತ್ತಿನ ಲೆಕ್ಕ ಸರಿಯಿತ್ತು, ಮತ್ತೆ ತಪ್ಪಾದದ್ದು ಎಲ್ಲಿ? ಮಾಮುವನ್ನು ಕೇಳಿದೆ. ಅವರು ಹಳೆಯ ಹ್ಯಾಲೊಜೆನ್ ಬಲ್ಬನ್ನು ಕೈಯಲ್ಲಿ ಕೊಟ್ಟರು. ಒಳಗೆ ಎರಡು ತಂತಿ. ಡಿಪ್ ತಂತಿಯ ಕೆಳಗೆ ಚಮಚದಂಥ ಪುಟ್ಟ ತಗಡು. ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಡಿದು ಮೇಲಕ್ಕೆ ಚಿಮ್ಮದ ಹಾಗೆ ಅದು ತಡೆಯುತ್ತದೆ. ರಿಫ್ಲೆಕ್ಟರ್ ಎಂಬುದು ಆ ತಂತಿ ಇರುವ ಜಾಗವನ್ನೇ ಅಳೆದು ಮಾಡಿದ ಬಟ್ಟಲು. ಅಲ್ಲಿ ಒಂದೆರಡು ಮಿಲಿಮೀಟರ್ ಆಚೀಚೆ ಕೂತ ಎಲ್‌ಇಡಿ ಚಿಪ್ಪು ಹಾಕಿದರೆ ಡಿಪ್ ಎಂಬುದು ಹೆಸರಿಗೆ ಮಾತ್ರ. ಬೆಳಕು ರಸ್ತೆಗೆ ಬೀಳುವ ಬದಲು ಎದುರಿನವರ ಮುಖಕ್ಕೆ ಚೆಲ್ಲುತ್ತದೆ. ಗಾಡಿ ಓಡಿಸುವವನಿಗೆ ಎಲ್ಲೆಡೆ ಬೆಳಗಾದಂತೆ ಕಾಣುವುದು ಅದಕ್ಕೇ. ಅವನು ನೋಡುತ್ತಿರುವುದು ಮರದ ಕೊಂಬೆ, ಗೋಡೆ, ಅಂಗಡಿಯ ಬೋರ್ಡು. ರಸ್ತೆಯ ಮೇಲಿನ ಬೆಳಕು ಹೆಚ್ಚಾಗಿರುವುದಿಲ್ಲ. ಕಂಪನಿಯಿಂದಲೇ ಎಲ್‌ಇಡಿ ಬರುವ ಹೊಸ ಗಾಡಿಗಳಲ್ಲಿ ಈ ತೊಂದರೆ ಕಡಿಮೆ, ಅಲ್ಲಿ ಬಟ್ಟಲೂ ಮಸೂರವೂ ಎಲ್‌ಇಡಿಗಾಗಿಯೇ ಮಾಡಿದವು. ನನ್ನ ಜಗಳ ಎಲ್‌ಇಡಿಯ ಮೇಲಲ್ಲ, ಹ್ಯಾಲೊಜೆನ್ ಮನೆಯಲ್ಲಿ ಅದನ್ನು ಬಾಡಿಗೆಗಿಡುವುದರ ಮೇಲೆ.

ಜಮಾ ಇಲ್ಲದೆ ಖರ್ಚಿಲ್ಲ, ದ್ವಿ ನಮೂದು ಪದ್ಧತಿಯ ಮೊದಲ ಪಾಠವೇ ಅದು. ನಾವು ವಿದ್ಯುತ್ತಿನ ಖಾತೆಯನ್ನು ಮಾತ್ರ ಬರೆದಿದ್ದೆವು. ಹೆಚ್ಚಿನ ಬೆಳಕನ್ನು ಬ್ಯಾಟರಿ ಕೊಡಲಿಲ್ಲ, ಕಾಯಿಲ್ ಕೊಡಲಿಲ್ಲ. ಚಾಚಾನ ಕಣ್ಣಿನಿಂದ ತೆಗೆದಿದ್ದೆವು, ಅವರನ್ನು ಕೇಳದೆ.

ಕಾನೂನು ಇದನ್ನು ಬಹಳ ಹಿಂದೆಯೇ ಬರೆದಿಟ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯ ನಿಯಮ ಹೇಳುವ ಅಳತೆ ನನಗೆ ಇಷ್ಟವಾಯಿತು. ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒಂದು ಕಣ್ಣಿದೆ ಎಂದುಕೊಳ್ಳಿ. ಆ ಕಣ್ಣು ಕುಕ್ಕಬಾರದು, ಬೆಳಕು ಅಷ್ಟು ಕೆಳಗೆ ಬಾಗಿರಬೇಕು. ಒಂದೂವರೆ ಮೀಟರ್ ಎಂದರೆ ಹೆಚ್ಚು ಕಡಿಮೆ ನಿಂತ ಮನುಷ್ಯನ ಕಣ್ಣು. ಕಾನೂನು ಬರೆದವರು ಎದುರಿಗೆ ಬರುವ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡೇ ಬರೆದಿದ್ದಾರೆ. ನಮ್ಮ ರಾಜ್ಯದಲ್ಲಿ 2024ರ ಜುಲೈ 1ರಿಂದ ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ವಿರುದ್ಧ ಪೊಲೀಸರು ವಿಶೇಷ ಕಾರ್ಯಾಚರಣೆ ಶುರು ಮಾಡಿದ್ದರು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಅದನ್ನು ಘೋಷಿಸಿದ್ದರು. ಮೋಟಾರು ವಾಹನ ಕಾಯ್ದೆಯ 177ನೆಯ ಕಲಮಿನಲ್ಲಿ ಮೊದಲ ಸಲಕ್ಕೆ 500 ರೂಪಾಯಿಯವರೆಗೆ, ಮತ್ತೆ ಸಿಕ್ಕರೆ 1500ರವರೆಗೆ ದಂಡ. ನಾಲ್ಕು ದಿನ ಎಲ್ಲರೂ ಲೈಟಿಗೆ ಕಪ್ಪು ಟೇಪು ಹಚ್ಚಿದರು. ಮಳೆಗೆ ಟೇಪು ಕಿತ್ತುಹೋಯಿತು, ಮತ್ತೆ ಯಾರೂ ಹಚ್ಚಲಿಲ್ಲ.

ದಂಡದಿಂದ ಇದು ನಿಲ್ಲುತ್ತದೆಂದು ನನಗೆ ಅನ್ನಿಸುವುದಿಲ್ಲ. ಏಕೆಂದರೆ ಇದು ಶೋಕಿಯಷ್ಟೇ ಅಲ್ಲ, ಹೆದರಿಕೆಯೂ ಹೌದು. ಎದುರಿನವನು ಹಾಕಿದ್ದಾನೆ, ನನಗೆ ಕಾಣುವುದಿಲ್ಲ, ಆದ್ದರಿಂದ ನಾನೂ ಹಾಕುತ್ತೇನೆ. ಅಬ್ಬಾ ಹೊಲಕ್ಕೆ ಇಳಿದದ್ದಕ್ಕೆ ನಮ್ಮ ಮನೆಗೆ ಬಿಳಿ ಲೈಟು ಬಂತು. ನಮ್ಮ ಲೈಟಿನಿಂದ ಚಾಚಾ ಬಿದ್ದರು. ಚಾಚಾನ ಮೊಮ್ಮಗ ನಾಳೆ ಇನ್ನೂ ದೊಡ್ಡದು ಹಾಕಿಸಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಣ್ಣು ಮೂರು ಸೆಕೆಂಡ್ ಕುರುಡಾದರೆ ಗಾಡಿ ಐವತ್ತು ಮೀಟರ್ ಹೋಗಿರುತ್ತದೆ. ಕಾಲೇಜಿನ ಗೇಟಿನಿಂದ ಮೆಟ್ಟಿಲಿನವರೆಗೆ ಎಷ್ಟಾಗುತ್ತದೆ, ಅಳೆದು ನೋಡಿ. ಇಬ್ಬರೂ ಹಾಕಿದ್ದರೆ ಇಬ್ಬರೂ ಕುರುಡರು.

ಕತ್ತಲೆಯ ರಸ್ತೆಯಲ್ಲಿ ಓಡಾಡುವವರ ಕಷ್ಟ ನಿಜವಾದದ್ದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಹಂಪಿಗೆ ಬಣ್ಣ ಬಳಿಯಬೇಕಾದವರು ಬಳಿಯಬೇಕು, ಟ್ರೇಲರಿಗೆ ರಿಫ್ಲೆಕ್ಟರ್ ಇದೆಯೇ ನೋಡಬೇಕಾದವರು ನೋಡಬೇಕು. ಆದರೆ ಕೊಪ್ಪೀಕರ ರಸ್ತೆಯಲ್ಲಿ, ದುರ್ಗದ ಬೈಲಿನಲ್ಲಿ, ಅಂಗಡಿಗಳ ದೀಪದಲ್ಲಿ ಸೂಜಿ ಬಿದ್ದರೂ ಕಾಣುವ ಕಡೆ ಮೂರು ಮೂರು ಬಿಳಿ ಲೈಟು ಹಚ್ಚಿಕೊಂಡು ಹೋಗುವವರಿಗೆ ಯಾವ ಕತ್ತಲೆ? ನಮ್ಮ ಪಾರ್ಕಿಂಗ್ ಸ್ಟ್ಯಾಂಡಿನಲ್ಲೂ ಒಂದು ಸಾಲು ಇದೆ. ಅವರೆಲ್ಲ ಕುಂದಗೋಳದಿಂದ ಮಧ್ಯರಾತ್ರಿ ಬರುವವರಲ್ಲ ಎಂದು ನನಗೆ ಗೊತ್ತು.

ನಮ್ಮ ಗಾಡಿಗೆ ಕೊನೆಗೆ ಏನು ಮಾಡಿದೆವು ಹೇಳುತ್ತೇನೆ. ಎಲ್‌ಇಡಿ ತೆಗೆದು ಮತ್ತೆ 35/35 ಹಾಕಿದೆವು. ರಿಫ್ಲೆಕ್ಟರ್ ಮತ್ತು ಗಾಜು ಹೊಸದು, ಅರ್ತ್ ವೈರ್ ಹೊಸದು. ಹಳೆಯ ರಿಫ್ಲೆಕ್ಟರ್ ತೆಗೆದು ನೋಡಿದರೆ ಒಳಗೆ ತುಕ್ಕಿನ ನಕ್ಷೆ ಇತ್ತು. ಇಷ್ಟು ದಿನ ಬಲ್ಬನ್ನು ಬೈದದ್ದು ಅನ್ಯಾಯ. ಎಲ್‌ಇಡಿಯಷ್ಟು ಬೆಳ್ಳಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಹಳದಿ ಬೆಳಕು ರಸ್ತೆಯ ಮೇಲೆ ಚಾಪೆ ಹಾಸಿದ ಹಾಗೆ ಬೀಳುತ್ತದೆ, ಹಂಪು ಕಾಣುತ್ತದೆ. ಮಾಮು ಇನ್ನೊಂದು ಮಾತು ಹೇಳಿದರು, ಅದು ಅಬ್ಬಾಗೆ ಸಿಟ್ಟು ತರಿಸಿತು: ‘ಗಾಡಿಯದ್ದು ಆಯಿತು, ಈಗ ನಿಮ್ಮ ಕಣ್ಣು ತೋರಿಸಿ.’ ತಿಂಗಳು ಬಿಟ್ಟು ತೋರಿಸಿದರು. ಕನ್ನಡಕದ ನಂಬರ್ ಎರಡೂ ಕಣ್ಣಿಗೆ ಬದಲಾಗಿತ್ತು. ವಯಸ್ಸಾದ ಕಣ್ಣು ಕುಕ್ಕಿದ ಮೇಲೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ ಎಂದೂ ಡಾಕ್ಟರ್ ಹೇಳಿದರಂತೆ. ಅಬ್ಬಾ ಈಗ ಐವತ್ತರ ಮೇಲೆ ಹೋಗುವುದಿಲ್ಲ, ಮೊದಲಿಗಿಂತ ಕಾಲು ಗಂಟೆ ತಡವಾಗಿ ಬರುತ್ತಾರೆ.

ಪ್ರಾಂಶುಪಾಲರಿಗೆ ಮತ್ತು ನಮ್ಮ ಉಪನ್ಯಾಸಕರಿಗೆ ಒಂದು ವಿನಂತಿ ಇದೆ. ಕಾಲೇಜಿನ ಕಾಂಪೌಂಡ್ ಗೋಡೆಯ ಒಂದು ಭಾಗವನ್ನು ಒಂದು ಶನಿವಾರ ಸಂಜೆ ನಮಗೆ ಕೊಡಿ. ಗೋಡೆಯಿಂದ 8 ಮೀಟರ್ ದೂರದಲ್ಲಿ ಸುಣ್ಣದ ಗೆರೆ ಹಾಕುತ್ತೇವೆ. ಗಾಡಿ ತಂದು, ಸವಾರ ಸೀಟಿನ ಮೇಲೆ ಕೂತು, ಡಿಪ್ ಹಾಕಬೇಕು. ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ ಬಿದ್ದರೆ ಸರಿ. ಮೇಲಿದ್ದರೆ ಹೆಡ್‌ಲೈಟಿನ ಸ್ಕ್ರೂ ಸಡಿಲಿಸಿ ಬಾಗಿಸಿದರಾಯಿತು, ಎರಡು ನಿಮಿಷದ ಕೆಲಸ. ಮೇಲಂಚೇ ಇಲ್ಲದೆ ಇಡೀ ಗೋಡೆ ಬೆಳ್ಳಗಾದರೆ ಸ್ಕ್ರೂನಿಂದ ಆಗುವುದಿಲ್ಲ, ಬಲ್ಬನ್ನೇ ಬದಲಿಸಬೇಕು. ದಿನಾ ಇಬ್ಬರು ಕೂರುವ ಗಾಡಿಯಾದರೆ ಇಬ್ಬರನ್ನೂ ಕೂರಿಸಿಯೇ ನೋಡಬೇಕು, ಹಿಂದೆ ಭಾರ ಬಿದ್ದರೆ ಮುಂದಿನ ಬೆಳಕು ಏಳುತ್ತದೆ. ಮಾಮು ಸ್ಕ್ರೂಡ್ರೈವರ್ ತರಲು ಒಪ್ಪಿದ್ದಾರೆ, ದುಡ್ಡು ಬೇಡ, ಚಹಾ ಸಾಕು ಎಂದಿದ್ದಾರೆ. ಸ್ಟಾಫ್ ರೂಮಿನ ಗಾಡಿಗಳನ್ನೂ ಸಾಲಿಗೆ ತನ್ನಿ ಎಂದು ಭಯಭಕ್ತಿಯಿಂದ ಕೇಳಿಕೊಳ್ಳುತ್ತೇನೆ. ಅಲ್ಲಿಯೂ ಒಂದೆರಡು ನಾನು ನೋಡಿದ್ದೇನೆ, ನಂಬರ್ ಹೇಳುವುದಿಲ್ಲ.

ಚಾಚಾನ ಪ್ಲಾಸ್ಟರ್ ಬಿಚ್ಚಿದ ಮೇಲೆ ನಾನು ಒಬ್ಬನೇ ಹೋಗಿ ಹೇಳಿದೆ. ಅವತ್ತಿನ ಗಾಡಿ ನಮ್ಮದು, ಹಿಂದೆ ಕೂತವನು ನಾನು, ಸದ್ದು ಕೇಳಿಯೂ ಸುಮ್ಮನಿದ್ದೆ ಎಂದು. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಮಣಿಕಟ್ಟು ತಿರುಗಿಸುತ್ತ, ‘ನನ್ನ ಸೈಕಲ್ಲಿಗೂ ಹಿಂದೆ ಮುಂದೆ ಏನೂ ಇಲ್ಲ. ನಿಮ್ಮ ಮಾಮುಗೆ ಹೇಳಿ ಒಂದು ಕೆಂಪು ರಿಫ್ಲೆಕ್ಟರ್ ಹಾಕಿಸು’ ಎಂದರು. ಭಾನುವಾರ ಸೈಕಲ್ ತಳ್ಳಿಕೊಂಡು ಅಂಗಡಿಗೆ ಹೋದೆ. ಹಿಂದೆ ಕೆಂಪು, ಮುಂದೆ ಬಿಳಿ, ಪೆಡಲಿಗೆ ಹಳದಿ. ಮಾಮು ದುಡ್ಡು ಬೇಡವೆಂದರು. ನಾನು ಕೇಳದೆ ಪುಸ್ತಕದಲ್ಲಿ ಭಾಯಿಯ ಹೆಸರಿಗೆ ಅರವತ್ತು ರೂಪಾಯಿ ಖರ್ಚು ಬರೆದೆ. ಅವನು ಇನ್ನೂ ಕೊಟ್ಟಿಲ್ಲ.